ಆಯಸ್ಕಾಂತಕ್ಕೆ ಅಂಟಿದ ಕೊಪ್ಪರಿಗೆ

ಅಳೆಯದೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಬೆಳಿಗ್ಗೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಮುಂದೆ ಅಂಥವರೇ ಗುಂಪುಗೂಡಿ ನಿಂತಿದ್ದರು. ಲಗೇಜ್ ಆಟೋದ ಮೇಲೆ ನಮ್ಮ ಸಂಘದ ಸ್ಟೀಲ್ ಕೊಪ್ಪರಿಗೆ ಬೋರಲು ಬಿದ್ದಿತ್ತು. ಮಂಡಿಯ ವರ್ತಕ ಕೀಲಿಗೊಂಚಲಿನ ದಾರಕ್ಕೆ ಕಟ್ಟಿದ್ದ ಆಯಸ್ಕಾಂತವನ್ನು ಅದರ ತಳದ ಹತ್ತಿರ ಇಳಿಬಿಟ್ಟು ತೋರಿಸುತ್ತಿದ್ದ.

"ನೋಡ್ರಲಾ, ಹೆಂಗ್ ಕಚ್ಕೊತದೆ ನೋಡ್ರಿ! ಒರಿಜಿನಲ್ ಸ್ಟೀಲಾದ್ರೆ ಕಚ್ಕೊತಿತ್ತಾ?"

ನಮ್ಮೂರು ನೊಣವಿನಕೆರೆಯ ಕಡೆ ಪಾತ್ರೆ ಕೊಳ್ಳುವಾಗ ಆಯಸ್ಕಾಂತ ಹಿಡಿದು ನೋಡುವುದು ಎಲ್ಲರಿಗೂ ಅಭ್ಯಾಸ. ಅಂಟದಿದ್ದರೆ ಒರಿಜಿನಲ್, ಅಂಟಿದರೆ ಡೂಪ್ಲಿಕೇಟ್. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ ಬೆಲೆ ಕಟ್ಟುವ ಜನ ನಾವು. ಎಲ್ಲಕ್ಕೂ ಹಾಗೇ ಒಂದು ಕ್ಷಣದ ಪರೀಕ್ಷೆ ಇದೆ ಅಂದುಕೊಂಡಿದ್ದೇವೆ.

ಕೊಪ್ಪರಿಗೆ ನಮ್ಮೂರಿನ ಹೆಂಗಸರ ಸಂಘದ್ದು. ಸಂಘ ಕೊಬ್ಬರಿ ಪುಡಿಯ ಘಟಕ ನಡೆಸುತ್ತದೆ. ಕಾಯಿ ಒಡೆದು, ಕಂದು ಸಿಪ್ಪೆ ಹೆರೆದು, ಬಿಳಿ ತಿರುಳನ್ನು ಕುದಿಯುವಂಥ ನೀರಿನಲ್ಲಿ ಅದ್ದಿ, ಆಮೇಲೆ ತುರಿದು ಒಣಗಿಸುತ್ತಾರೆ. ಆ ಬಿಸಿನೀರಿನ ಕೊಪ್ಪರಿಗೆ ತಳದಲ್ಲಿ ಸೋರತೊಡಗಿತ್ತು. ಹಾಗಾಗಿ ಸಂಘದ ಅಧ್ಯಕ್ಷೆ ಅದನ್ನು ಆಟೋದಲ್ಲಿ ಹೇರಿಸಿಕೊಂಡು, ಮಾಡಿಕೊಟ್ಟ ಮೇಸ್ತ್ರಿಯ ವರ್ಕ್‌ಶಾಪಿಗೆ ಹೊರಟಿದ್ದಳು. ನಾನು ಜೊತೆಗಿದ್ದೆ. ಕಾರ್ಖಾನೆಯ ಲೋಹ ಪರೀಕ್ಷೆ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ಎಂದು ಘಟಕದ ಯಂತ್ರಗಳ ವಿಷಯಕ್ಕೆ ನನ್ನನ್ನು ಕರೆಯುತ್ತಾರೆ. ಸಂಘದ ಪುಡಿಯನ್ನು ಕೊಳ್ಳುವವನು ಈ ವರ್ತಕನೇ. ದಾರಿಯಲ್ಲಿ ಆಟೋ ನಿಲ್ಲಿಸಿ ಆಯಸ್ಕಾಂತ ತೆಗೆದ. ಮುಂದಿನ ಬೀದಿಯಿಂದ ಮೇಸ್ತ್ರಿಯನ್ನೂ ಕರೆಸಿದ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತದ್ದೇ ತಡ, ಅಧ್ಯಕ್ಷೆ ಮುಗಿಬಿದ್ದಳು.

"ಹೆಣ್ಮಕ್ಕಳ ಸಂಘ ಅಂತ ಸಸಾರ ಮಾಡಿದ್ಯೇನಯ್ಯಾ? ಒರಿಜಿನಲ್ ಅಂತ ಹೇಳಿ ಡೂಪ್ಲಿಕೇಟ್ ತಗಡು ಹಾಕಿದ್ಯಲ್ಲ!"

"ಅಲ್ಲಾ ಕಸಂ ಅಮ್ಮಾ, ತಗಡು ಒರಿಜಿನಲ್ಲೇ. ಬಿಲ್ಲೈತೆ, ಬೇಕಾದ್ರೆ ತರ್ತೀನಿ."

"ಬಿಲ್ಲು ಯಾರ್ ಬೇಕಾದ್ರೂ ಬರಸ್ಕಬೋದು ಬುಡು," ಎಂದ ವರ್ತಕ. "ಕಳ್ಳ ಮಾಲು ಕಣ್ಲಾ ಇದು. ಸೋರ್ದೆ ಇನ್ನೇನ್ ಮಾಡ್ತದೆ?"

ನಾನು ಆಟೋ ಹತ್ತಿ ಆಯಸ್ಕಾಂತವನ್ನು ಕಿತ್ತುಕೊಂಡೆ. ಕೊಪ್ಪರಿಗೆಯ ಗೋಡೆಯ ನೇರ ಭಾಗಕ್ಕೆ ಹಿಡಿದೆ: ದಾರ ನೆಟ್ಟಗೆ ತೂಗಿತು, ಸೆಳೆತವಿಲ್ಲ. ತಳ ಗುಂಡಗೆ ಬಾಗಿ ಗೋಡೆಗೆ ಸೇರುವ ಬಾಗಿನ ಹತ್ತಿರ ಹಿಡಿದೆ: ದಾರ ಓರೆಯಾಗಿ ಆಯಸ್ಕಾಂತ ಟಪ್ಪನೆ ಕೂತಿತು. ತಳದ ನಡುವೆ ಸೆಳೆತ ಅಷ್ಟಿಲ್ಲ. ನನಗೆ ಅಲ್ಲೇ ಅರ್ಥವಾಯಿತು. ತಗಡನ್ನು ಗುಂಡಗೆ ತರಲು ಸುತ್ತಿಗೆ ಎಲ್ಲಿ ಹೆಚ್ಚು ಬಿದ್ದಿದೆಯೋ ಅಲ್ಲಿ ಅಂಟುತ್ತಿದೆ.

"ನೋಡಿ, ಬಡಿಯದ ಜಾಗದಲ್ಲಿ ಅಂಟ್ತಿಲ್ಲ. ಬಡಿದ ಜಾಗದಲ್ಲಿ ಮಾತ್ರ ಅಂಟ್ತಿದೆ," ಎಂದೆ.

ವರ್ತಕ ಗುಂಪಿನತ್ತ ತಿರುಗಿ ಕೈ ಚಾಚಿದ. "ಕೇಳ್ಕಳಿ! ಗೋಡೆ ಒಂದ್ ತಗಡು, ತಳ ಇನ್ನೊಂದ್ ತಗಡು. ಮೇಡಮ್ಮನೋರೇ ಹೇಳ್ಬುಟ್ರಲ್ಲ!"

ಹಮಾಲರು ನಕ್ಕರು. ನಾನು ಮೇಸ್ತ್ರಿಯ ಪರ ಹೇಳಿದ ಮಾತು ಅವನ ಕುತ್ತಿಗೆಗೇ ಬಂತು. ಅವನು ತಲೆ ತಗ್ಗಿಸಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತು. ಆಯಸ್ಕಾಂತವನ್ನು ವರ್ತಕನ ಅಂಗೈಗೆ ಕುಕ್ಕಿ ಕೆಳಗಿಳಿದೆ.

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹರಡಿತು. ಮೇಸ್ತ್ರಿಗೆ ಬದುಕು ಕೊಡುತ್ತಿದ್ದುದು ಮದುವೆ ಅಡುಗೆಯ ಪಾತ್ರೆಗಳು. ಅಡುಗೆ ಕಂಟ್ರಾಕ್ಟರ್ ಒಬ್ಬ ಫೋನ್ ಮಾಡಿ, ಹೇಳಿದ್ದ ಕೊಪ್ಪರಿಗೆಗಳು ಬೇಡ ಎಂದ. ದಂಡಿನಶಿವರದ ಹೋಟೆಲಿನವನು ತನ್ನ ಹಳೆಯ ಪಾತ್ರೆಗಳಿಗೂ ಆಯಸ್ಕಾಂತ ಹಿಡಿದು ನೋಡಿ ಜಗಳಕ್ಕೆ ಬಂದನಂತೆ. ಅಪ್ಪನ ಕಾಲದಿಂದ ಬಂದ ವರ್ಕ್‌ಶಾಪು ಅದು. ಇನ್ನೊಂದು ವಾರ ಹೀಗೇ ನಡೆದರೆ ಬಾಗಿಲು ಹಾಕಬೇಕಿತ್ತು.

ಕೊಪ್ಪರಿಗೆಯನ್ನು ಘಟಕಕ್ಕೆ ವಾಪಸ್ ತರಿಸಿದೆ. ಕೆಲಸಕ್ಕೆ ಕೂರುವ ಮೊದಲು ಕೈ ತೊಳೆದು, ಬೆಳಕಿನತ್ತ ಬೆನ್ನು ಮಾಡಿ, ಭೂತಗನ್ನಡಿ ಒರೆಸಿಕೊಂಡೆ. ಕೋಪ ಬಂದಾಗಲೇ ಕ್ರಮ ತಪ್ಪಬಾರದು ಎಂದು ಕಾರ್ಖಾನೆಯಲ್ಲಿ ನನ್ನನ್ನು ತಿದ್ದಿದ ಹಿರಿಯರು ಹೇಳುತ್ತಿದ್ದರು. ಅವರಿಗೆ ನನ್ನ ಕೋಪ ಗೊತ್ತಿತ್ತು.

ಬಾಗಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳಿದ್ದವು. ಹುಲ್ಲಿನ ಬೇರಿನ ಹಾಗೆ ಒಂದರಿಂದ ಎರಡು, ಎರಡರಿಂದ ನಾಲ್ಕು ಕವಲೊಡೆದಿದ್ದವು. ಪೆಟ್ಟು ಬಿದ್ದು ಸೀಳಿದ ಪಾತ್ರೆ ಹೀಗೆ ಕವಲೊಡೆಯುವುದಿಲ್ಲ. ಸುತ್ತ ತಗಡು ತೆಳುವಾಗಿರಲಿಲ್ಲ, ತುಕ್ಕು ತಿಂದಿರಲಿಲ್ಲ, ಬಿರುಕಿನ ಬಾಯಲ್ಲಿ ಮಾತ್ರ ಕಂದು ಕಲೆ. ಮೂಗು ಹತ್ತಿರ ಒಯ್ದೆ. ಬ್ಲೀಚಿಂಗ್ ಪೌಡರ್ ವಾಸನೆ.

"ಬ್ಲೀಚಿಂಗ್ ಪೌಡರ್ ಯಾವ ತೊಟ್ಟಿಗೆ ಹಾಕ್ತೀರಿ?" ಎಂದು ಕೇಳಿದೆ. ತಣ್ಣೀರಿನ ತೊಟ್ಟಿಗೆ ಸ್ವಲ್ಪವೇ ಸ್ವಲ್ಪ ಹಾಕಿ, ತಿರುಳು ತೊಳೆದ ಮೇಲೆ ಚೆಲ್ಲಬೇಕೆಂದು ನಾನೇ ಮೊದಲ ದಿನ ಹೇಳಿದ್ದೆ.

ಸಿಪ್ಪೆ ಹೆರೆಯುತ್ತಿದ್ದ ಹೆಂಗಸೊಬ್ಬಳು ಖುಷಿಯಿಂದಲೇ ಹೇಳಿದಳು. "ಎರಡಕ್ಕೂ ಕಣಕ್ಕ. ಬಿಸಿನೀರಿಗೆ ಹಾಕಿದ್ರೆ ಕ್ರಿಮಿ ಇನ್ನೂ ಜಲ್ದಿ ಸಾಯ್ತವೆ. ಸಂಜೆ ಒಲೆ ಮುಚ್ಚುವಾಗ ಒಂದ್ ಚೂರು ಹಾಕಿ ಹಂಗೇ ಬುಡ್ತೀವಿ. ಬೆಳಿಗ್ಗೆಗೆ ಕೊಪ್ಪರಿಗೆ ಥಳ ಥಳ ಅಂತಿರ್ತದೆ."

"ಯಾರು ಹೇಳಿದ್ದು?"

"ಮಂಡಿ ಸಾವ್ಕಾರ್ರು. ಪುಡಿ ವಾಸ್ನೆ ಬತ್ತದೆ, ಪಾತ್ರೆ ಚೆಂದಾಗಿ ಕ್ಲೀನ್ ಮಾಡ್ರಿ ಅಂದಿದ್ರು."

ನಾನು ಕೂಗಾಡಿದೆ. ಈ ಜಾತಿಯ ಸ್ಟೀಲಿಗೆ ಶತ್ರು ಎಂದರೆ ಬಿಸಿ ನೀರಿನಲ್ಲಿರುವ ಕ್ಲೋರೈಡು, ಅಂದರೆ ಉಪ್ಪಿನಲ್ಲಿ, ಬ್ಲೀಚಿಂಗ್ ಪೌಡರಿನಲ್ಲಿ ಇರುವ ವಸ್ತು. ನಮ್ಮ ಬೋರ್‌ವೆಲ್ ನೀರಿನಲ್ಲೂ ಅದಿದೆ, ತಿರುಳಿಗೆ ಅಂಟಿ ಬರುವ ಎಳನೀರಿನಲ್ಲೂ ಇದೆ. ಅದು ಸಾಲದೆಂದು ಇವರು ರಾತ್ರಿಯಿಡೀ ನೆನೆಹಾಕಿದ್ದರು. ಆದರೂ ಸುಮ್ಮನಿರುವ ತಗಡನ್ನು ಅದು ಇಷ್ಟು ಬೇಗ ಸೀಳುವುದಿಲ್ಲ. ತಗಡು ಒಳಗೇ ಬಿಗಿದುಕೊಂಡಿರಬೇಕು. ಆ ಬಿಗಿತ ಎಲ್ಲಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ. ಉತ್ತರ ವರ್ಕ್‌ಶಾಪಿನಲ್ಲಿತ್ತು.

ಮಾರನೆಯ ದಿನ ಮೊದಲ ಬಸ್ಸಿಗೆ ಹೋದೆ. ಮೇಸ್ತ್ರಿ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದ.

"ಬನ್ನಿ ಮೇಡಂ. ಕಳ್ಳನ ಅಂಗಡಿ ಖಾಲಿ ಐತೆ."

"ಆ ಮಾತು ಆಮೇಲೆ. ಅದೇ ತಗಡಿನ ತುಂಡು ಉಳಿದಿದೆಯಾ?"

ಇತ್ತು. ನಾನು ದಾರ ಕಟ್ಟಿ ತಂದಿದ್ದ ಆಯಸ್ಕಾಂತ ಅದಕ್ಕೆ ಅಂಟಲಿಲ್ಲ. ಒಂದು ಪಟ್ಟಿ ಕತ್ತರಿಸಿ ವೈಸಿನ ಇಕ್ಕಳದಲ್ಲಿ ಬಿಗಿದು ಬಗ್ಗಿಸಲು ಹೇಳಿದೆ. ಮೊದಲ ಸಲ ಸಲೀಸಾಗಿ ಬಗ್ಗಿತು. ಬಿಚ್ಚಿ ಮತ್ತೆ ಬಗ್ಗಿಸುವಾಗ ಅವನು ಹಲ್ಲು ಕಚ್ಚಬೇಕಾಯಿತು. ಮಡಿಕೆಯನ್ನು ಸುತ್ತಿಗೆಯಿಂದ ಚಪ್ಪಟೆ ಬಡಿಸಿದೆ, ಬಿಚ್ಚಿಸಿದೆ, ಮತ್ತೆ ಬಡಿಸಿದೆ. ಆಮೇಲೆ ಆಯಸ್ಕಾಂತ ಹಿಡಿದೆ. ಮಡಿಕೆಯಲ್ಲಿ ಅಂಟಿತು, ತುದಿಗಳಲ್ಲಿ ಅಂಟಲಿಲ್ಲ.

ಅವನು ಪಟ್ಟಿಯನ್ನೂ ನನ್ನನ್ನೂ ನೋಡಿದ. ವಿವರಿಸಿದೆ. ಈ ಸ್ಟೀಲಿನಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ, ನಿಕಲ್ ಇರುತ್ತವೆ. ತಗಡು ತಯಾರಾಗಿ ಬರುವಾಗ ಅದರ ಪರಮಾಣುಗಳು ಆಯಸ್ಕಾಂತಕ್ಕೆ ಒಲಿಯದ ಒಂದು ಜೋಡಣೆಯಲ್ಲಿ ಕೂತಿರುತ್ತವೆ. ತಣ್ಣಗಿರುವಾಗಲೇ ಬಡಿದರೆ, ಎಳೆದರೆ, ಬಗ್ಗಿಸಿದರೆ ಒಂದು ಪಾಲು ಆ ಜೋಡಣೆ ಬಿಟ್ಟು ಬೇರೆ ಜೋಡಣೆಗೆ ಜಾರುತ್ತದೆ. ಹಾಗೆ ಜಾರಿದ ಪಾಲು ಗಡಸು, ಆಯಸ್ಕಾಂತಕ್ಕೆ ಅಂಟುತ್ತದೆ. ತಗಡು ಗಟ್ಟಿಯಾಗುತ್ತದೆ, ಆದರೆ ಬಾಗುವ ಗುಣ ಕಳೆದುಕೊಳ್ಳುತ್ತದೆ. ಒಳಗೆ ಬಿಗಿತವೂ ಉಳಿಯುತ್ತದೆ. ಚೆನ್ನಾಗಿ ಕಾಯಿಸಿ ತಣಿಸಿದರೆ ಮಾತ್ರ ಅದು ಮೊದಲಿನ ಜೋಡಣೆಗೆ ಮರಳುತ್ತದೆ.

"ಹಂಗಾದ್ರೆ ನಾನು ಕಳ್ಳ ಅಲ್ಲ," ಎಂದ.

"ಅಲ್ಲ. ಆದರೆ ತಳ ಬಡಿಯುವಾಗ ನಡುವೆ ಒಮ್ಮೆಯಾದರೂ ಕಾಯಿಸಿದ್ಯಾ?"

ಅವನು ಸುತ್ತಿಗೆಯನ್ನು ಎತ್ತಿ ಬದಿಗಿಟ್ಟ.

"ಕಾಯಿಸಿದ್ಯಾ ಇಲ್ವಾ?"

"ಕಾಯ್ಸಿದ್ರೆ ಕಪ್ಪಾಗ್ತದೆ ಮೇಡಂ. ಮೆರುಗು ಹೋದ್ರೆ ಗಿರಾಕಿ ಒಪ್ಪಲ್ಲ. ಇಷ್ಟು ವರ್ಷ ಮದ್ವೆ ಮನೆ ಕೊಪ್ಪರಿಗೆ ಮಾಡಿದೀನಿ, ಒಂದೂ ಸೀಳಿಲ್ಲ."

"ಮದುವೆ ಮನೆಯಲ್ಲಿ ಅಡುಗೆ ಮಾಡಿ ತೊಳೆದು ಬೋರಲು ಹಾಕ್ತಾರೆ. ಘಟಕದಲ್ಲಿ ದಿನಾ ಕುದಿಯುತ್ತೆ. ಇಷ್ಟು ಆಳದ ತಳವನ್ನು ಒಂದೇ ಸಮನೆ ತಣ್ಣಗೆ ಬಡಿದು, ಬಾಗನ್ನ ಸಾಯಿಸಿ ಕಳಿಸಿದ್ದೀಯ. ಹೆಂಗಸರು ವಿಷ ಹಾಕಿದರು, ಸರಿ. ಸೀಳೋದಕ್ಕೆ ಜಾಗ ಮಾಡಿಕೊಟ್ಟವನು ನೀನು."

ಅವನು ಪಟ್ಟಿಯನ್ನು ಬೆಂಚಿನ ಮೇಲೆ ಎಸೆದ. "ನಿನ್ನೆ ಅವ್ರು ಬೈದ್ರು, ಇವತ್ತು ನೀವು. ನಡೀರಿ ಮೇಡಂ."

ಹೊರಟುಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದೆ. ಪಟ್ಟಿಯನ್ನು ಮಂಡಿಗೆ ಒಯ್ದು ತೋರಿಸಿದರೆ ವರ್ತಕ ಹೇಳುವ ಮಾತು ನನಗೆ ಗೊತ್ತಿತ್ತು: ಇದು ಬೇರೆ ತಗಡು. ಹಾಗಾದರೆ ಸಾಕ್ಷಿ ಹೇಳಬೇಕಾದದ್ದು ಕೊಪ್ಪರಿಗೆಯೇ. ಅಂಟಿದ ಬಾಗನ್ನೇ ಕತ್ತರಿಸಿ, ಎಲ್ಲರ ಮುಂದೆ ಕಾಯಿಸಿ, ಅದೇ ತುಂಡಿಗೆ ಮತ್ತೆ ಆಯಸ್ಕಾಂತ ಹಿಡಿಯಬೇಕು.

ಅಧ್ಯಕ್ಷೆ ಒಪ್ಪಲಿಲ್ಲ. "ಕತ್ತರ್ಸೋದಾ? ಒಂದ್ ಪ್ಯಾಚ್ ಹಾಕಿದ್ರೆ ಸೀಸನ್ ಕಳೀತದೆ ಅಂತ ಸಾವ್ಕಾರ್ರು ಹೇಳವ್ರೆ."

"ಪ್ಯಾಚ್ ಹಾಕಿದ್ರೆ ಪಕ್ಕದಲ್ಲೇ ಸೀಳುತ್ತೆ. ಬಾಗು ಪೂರ್ತಿ ಹೋಗಿದೆ. ಇವತ್ತಲ್ಲ ನಾಳೆ ಕುದಿಯುವ ನೀರು ಯಾರ ಕಾಲ ಮೇಲಾದರೂ ಬೀಳುತ್ತೆ. ಆಗಲೂ ಮೇಸ್ತ್ರಿಯನ್ನ ಕಳ್ಳ ಅಂತೀಯಾ?"

"ನೀವ್ ಹೇಳಿದ್ದು ತಪ್ಪಾದ್ರೆ?"

"ಅದೇ ಮಂಡಿ ಮುಂದೆ ನಿಂತು ನನಗೆ ಏನೂ ಗೊತ್ತಿಲ್ಲ ಅಂತ ಕೂಗಿ ಹೇಳ್ತೀನಿ."

"ನೀವ್ ಕೂಗೋದ್ ಕೇಳೋಕಾದ್ರೂ ಕತ್ತರ್ಸನ ಬುಡಿ," ಎಂದಳು.

ವರ್ತಕನಿಗೂ ಮೇಸ್ತ್ರಿಗೂ ಹೇಳಿ ಕಳುಹಿಸಿದೆವು. ಹರಾಜಿನ ಕೆಲಸವಿದೆ ಎಂದು ವರ್ತಕ ಬರಲಿಲ್ಲ. ಮೇಸ್ತ್ರಿ ಬಂದ. ನನ್ನ ಮುಖ ನೋಡದೆ ಗ್ಯಾಸ್ ಸಿಲಿಂಡರ್ ಇಳಿಸಿ, ಗ್ರೈಂಡರ್ ಹಿಡಿದು ಬಾಗಿನಿಂದ ಅಂಗೈ ಉದ್ದದ ಒಂದು ತುಂಡು ಕೊಯ್ದ. ಹೆಂಗಸರು ಸಿಪ್ಪೆ ಹೆರೆಯುವುದು ಬಿಟ್ಟು ಸುತ್ತ ನಿಂತರು. ಅಧ್ಯಕ್ಷೆಯೇ ಆಯಸ್ಕಾಂತ ಹಿಡಿದಳು. ಉದ್ದಕ್ಕೂ ಅಂಟಿತು.

ಅರ್ಧ ತುಂಡನ್ನು ಮಾತ್ರ ಕಾಯಿಸಲು ಹೇಳಿದೆ. ಉಳಿದರ್ಧಕ್ಕೆ ಒದ್ದೆ ಗೋಣಿ ಸುತ್ತಿ ಇಕ್ಕಳದಲ್ಲಿ ಹಿಡಿಸಿದೆ. ಮಂಕು ಕೆಂಪು ಸಾಲದು; ಅಲ್ಲೇ ತಡೆದರೆ ತಗಡು ಇನ್ನಷ್ಟು ಕೆಡುತ್ತದೆ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬರಬೇಕು. ಬಂದ ಕ್ಷಣವೇ ನೀರಿಗೆ ಹಾಕಿಸಿದೆ. ಛುಯ್ ಎಂದಿತು.

"ನೀರಿಗ್ ಹಾಕಿದ್ರೆ ಇನ್ನೂ ಗಡಸಾಗ್ತದಲ್ಲಕ್ಕ, ಮಚ್ಚಿಗೆ ಹದ ಹಾಕ್ದಂಗೆ?" ಎಂದಳು ಒಬ್ಬಳು.

"ಮಚ್ಚಿನ ಕಬ್ಬಿಣಕ್ಕೆ ಹಾಗೆ. ಇದಕ್ಕೆ ತಿರುಗು ಮುರುಗು. ಬಡಿದರೆ ಗಡಸು, ಕಾಯಿಸಿ ತಣಿಸಿದರೆ ಮೆತ್ತಗೆ."

ಅಧ್ಯಕ್ಷೆ ದಾರ ಹಿಡಿದು ಆಯಸ್ಕಾಂತವನ್ನು ತುಂಡಿನ ಉದ್ದಕ್ಕೂ ನಿಧಾನವಾಗಿ ತಂದಳು. ಕಾಯಿಸದ ಅರ್ಧದಲ್ಲಿ ಅದು ಕಚ್ಚಿಕೊಂಡಿತು. ಎಳೆದು ಬಿಡಿಸಿ ಕಪ್ಪಾಗಿದ್ದ ಅರ್ಧಕ್ಕೆ ತಂದಳು. ದಾರ ನೆಟ್ಟಗೆ ನಿಂತಿತು. ಮತ್ತೆ ಹಿಂದಕ್ಕೆ ಒಯ್ದಳು, ಮತ್ತೆ ಮುಂದಕ್ಕೆ ತಂದಳು.

"ಒಂದೇ ತಗಡು," ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವಂತೆ. ಮೇಸ್ತ್ರಿಗೆ ಏನೂ ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಹೊಸ ತಳದ ಕೆಲಸ ಮೇಸ್ತ್ರಿಯ ಹಿತ್ತಿಲಲ್ಲಿ ನಡೆಯಿತು. ಅದೇ ತಗಡಿನಲ್ಲಿ ಉಳಿದಿದ್ದ ದೊಡ್ಡ ತುಂಡನ್ನೇ ತೆಗೆಸಿದೆ. ಬೇರೆ ತರಿಸಬಾರದೆಂದು ಹಟ ಹಿಡಿದೆ. ಇಟ್ಟಿಗೆಯ ಗುಂಡಿ ಕಟ್ಟಿ, ಕೊಬ್ಬರಿ ಚಿಪ್ಪಿನ ಇದ್ದಿಲು ತುಂಬಿ, ಬ್ಲೋಯರ್ ಇಟ್ಟೆವು. ಆ ಇದ್ದಿಲಿನ ಕಾವಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಇದ್ದಿಲು ತಗಡಿಗೆ ತಾಗಬಾರದು, ತಾಗಿದರೆ ಅದರ ಇಂಗಾಲವನ್ನು ತಗಡು ಕುಡಿಯುತ್ತದೆ. ಅದಕ್ಕೆ ಮೇಲೆ ಕಬ್ಬಿಣದ ಸರಳು ಜೋಡಿಸಿ ತಳ ಇಟ್ಟು ಮುಚ್ಚಿದೆವು. ಸ್ವಲ್ಪ ಆಳ ಬಡಿಯುವುದು, ಕಾಯಿಸುವುದು, ತೊಟ್ಟಿಗೆ ಮುಳುಗಿಸುವುದು, ಮತ್ತೆ ಬಡಿಯುವುದು.

ಕೊನೆಯ ಸಲ ತಪ್ಪಿತು. ಇಬ್ಬರು ಹಿಡಿದು ಮುಳುಗಿಸುವಾಗ ಒಂದು ಕಡೆ ಮೊದಲು ನೀರಿಗೆ ತಾಗಿ ತಳ ಹಪ್ಪಳದ ಹಾಗೆ ಸೊಟ್ಟಗಾಯಿತು. ಮೇಸ್ತ್ರಿ ಸುತ್ತಿಗೆಯಿಂದ ನೆಟ್ಟಗೆ ಮಾಡಿದ.

"ಆಯ್ತು ಮೇಡಂ, ಬೆಸುಗೆ ಹಾಕ್ತೀನಿ."

"ಮತ್ತೆ ಕಾಯಿಸು."

"ಎರಡು ಏಟು ಹಾಕಿದ್ದಷ್ಟೆ!"

"ಏಟು ಏಟೇ. ಆಯಸ್ಕಾಂತ ಹಿಡಿ."

ಹಿಡಿದ. ಒಂದು ಕಡೆ ದಾರ ಸಣ್ಣಗೆ ಓರೆಯಾಯಿತು. ಅವನು ಬೈದ, ನನ್ನನ್ನೋ ತಗಡನ್ನೋ ತಿಳಿಯಲಿಲ್ಲ, ಉರ್ದುವಿನಲ್ಲಿತ್ತು. ಮತ್ತೆ ಇದ್ದಿಲು ತುಂಬಿದ. ಈ ಸಲ ತಳವನ್ನು ನಿಲ್ಲಿಸಿ ಅಂಚಿನಿಂದ ಮುಳುಗಿಸುವ ಉಪಾಯ ಅವನದೇ. ಸೊಟ್ಟಗಾಗಲಿಲ್ಲ. ಬೆಸುಗೆ ಹಾಕಿ, ಆಸಿಡ್ ಪೇಸ್ಟ್ ಬಳಿದು ಕಪ್ಪು ತೆಗೆದ. ಮೆರುಗು ಮೊದಲಿನಷ್ಟಿರಲಿಲ್ಲ, ಮಂಜು ಹಿಡಿದ ಕನ್ನಡಿಯ ಹಾಗಿತ್ತು.

"ಇದನ್ನ ಯಾವ ಗಿರಾಕಿ ಒಪ್ತಾನೆ?" ಎಂದ.

"ನಾನು ಒಪ್ತೀನಿ."

ಕೊಪ್ಪರಿಗೆಯ ಜೊತೆ ಅಧ್ಯಕ್ಷೆಯನ್ನೂ ಮೇಸ್ತ್ರಿಯನ್ನೂ ನನ್ನನ್ನೂ ಹತ್ತಿಸಿಕೊಂಡು ಲಗೇಜ್ ಆಟೋ ಅದೇ ದಾರಿಯಲ್ಲಿ ಹೊರಟಿತು. ಆ ದಿನವೂ ಹರಾಜಿತ್ತು, ಮಂಡಿಯ ಮುಂದೆ ಗಾಡಿಗಳ ಸಾಲು. ನಿಲ್ಲಿಸಬೇಡ ಎಂದು ಡ್ರೈವರಿಗೆ ನಾನು ಹೇಳುವಷ್ಟರಲ್ಲಿ ಅಧ್ಯಕ್ಷೆ, "ನಿಲ್ಸಪ್ಪ" ಎಂದಳು. ವರ್ತಕ ನಗುತ್ತಾ ಇಳಿದು ಬಂದ. ದಾರ ಕೈಯಲ್ಲೇ ಇತ್ತು. ಹೊಸ ಬಾಗಿಗೆ ಹಿಡಿದ. ಸೆಳೆಯಲಿಲ್ಲ. ಸುತ್ತ ಒಂದು ಸುತ್ತು ಬಂದು ಬಾಗಿನ ಉದ್ದಕ್ಕೂ ಹಿಡಿದ. ಸೆಳೆಯಲಿಲ್ಲ.

"ಈಗ ಸರಿ ನೋಡು!" ಎಂದು ಮೇಸ್ತ್ರಿಯ ಬೆನ್ನು ತಟ್ಟಿದ. ಗುಂಪಿಗೆ ಕೇಳುವಂತೆ ದನಿ ಏರಿಸಿದ. "ನಾಕ್ ಜನದ್ ಮುಂದೆ ಮಾನ ಹೋದ್ರೆ ಒರಿಜಿನಲ್ ತಗಡು ತಾನಾಗೇ ಬತ್ತದೆ ಕಣ್ರಲಾ!"

ಹಮಾಲರು ಮತ್ತೆ ನಕ್ಕರು. ನಾವು ಮಾಡಿದ ಅಷ್ಟೂ ಕೆಲಸ ಅವನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತ್ತು. ಸರಿಯಾಗಿ ಕಾಯಿಸಿದ್ದೇ ಮೇಸ್ತ್ರಿಯ ಹಳೆಯ ಕಳ್ಳತನಕ್ಕೆ ಪುರಾವೆಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷೆ ಆಟೋದಿಂದ ಧುಮುಕಿದಳು. ಒಂದು ಕೈಯಲ್ಲಿ ಮೇಸ್ತ್ರಿಯ ಸುತ್ತಿಗೆ, ಇನ್ನೊಂದರಲ್ಲಿ ಹೊಸ ತಳ ಕತ್ತರಿಸುವಾಗ ಉಳಿದ ಪಟ್ಟಿ.

"ಹಿಡೀರಿ ಇದಕ್ಕೆ."

ವರ್ತಕ ಹಿಡಿದ. ಅಂಟಲಿಲ್ಲ.

"ಒರಿಜಿನಲ್ ತಾನೆ?"

"ಹೂಂ, ಒರಿಜಿನಲ್ಲು."

ಅವಳು ಮಂಡಿಯ ಕಲ್ಲು ಮೆಟ್ಟಿಲಿಗೆ ಪಟ್ಟಿಯನ್ನು ಒತ್ತಿ ಮಡಿಸಿದಳು. ಬಡಿದಳು. ಬಿಚ್ಚಿದಳು, ಇನ್ನೊಂದು ಮಗ್ಗುಲಿಗೆ ಮಡಿಸಿ ಮತ್ತೆ ಬಡಿದಳು. ಕಾಯಿ ಒಡೆದು ಗಟ್ಟಿಯಾದ ಕೈ ಅದು. ಸೆರಗು ಜಾರಿತು, ಸೊಂಟಕ್ಕೆ ಸಿಕ್ಕಿಸಿ ಮತ್ತೆ ಬಡಿದಳು. ಹರಾಜಿಗೆ ಬಂದ ರೈತರು ಕೊಬ್ಬರಿ ಚೀಲ ಬಿಟ್ಟು ನೋಡಲು ನಿಂತರು. ಮಡಿಕೆ ಸೀಳುವ ಹೊತ್ತಿಗೆ ನಿಲ್ಲಿಸಿ, ಏದುಸಿರು ಬಿಡುತ್ತಾ ಪಟ್ಟಿ ಚಾಚಿದಳು.

"ಈಗ ಹಿಡೀರಿ."

ಅವನು ಹಿಡಿಯಲಿಲ್ಲ. ಅವಳು ಅವನ ಕೈಯಿಂದಲೇ ದಾರ ಎಳೆದು ಹಿಡಿದಳು. ಟಪ್ಪನೆ ಅಂಟಿತು.

"ಡೂಪ್ಲಿಕೇಟ್ ಆಯ್ತಲ್ಲ ಸಾವ್ಕಾರ್ರೆ. ನಿಮ್ ಮುಂದೇನೇ ನಾನ್ ಮಾಡ್ದೆ. ನನ್ನೂ ಕಳ್ಳಿ ಅನ್ನಿ. ಅವತ್ತು ಎಷ್ಟ್ ಜೋರಾಗಿ ಅಂದ್ರೋ ಅಷ್ಟೇ ಜೋರಾಗಿ ಅನ್ನಿ, ಎಲ್ರೂ ಕೇಳ್ಲಿ."

ವರ್ತಕ ಮಂಡಿಯ ಬಾಗಿಲತ್ತ ತಿರುಗಿದ. ಗುಂಪಿನಿಂದ ಯಾರೋ, "ಅನ್ರೀ ಮತ್ತೆ, ಯಾಕ್ ಸುಮ್ನಾದ್ರಿ?" ಎಂದರು. ಈ ಸಲದ ನಗು ಬೇರೆ ಕಡೆ ತಿರುಗಿತು.

"ನಾನು ಅನುಮಾನ ಅಂದಿದ್ದು ಕಣಮ್ಮ, ಅಷ್ಟೆ," ಎಂದು ಅವನು ಮೆಟ್ಟಿಲು ಹತ್ತಿದ. ಆಯಸ್ಕಾಂತ ಪಟ್ಟಿಗೆ ಅಂಟಿಕೊಂಡು ಅಧ್ಯಕ್ಷೆಯ ಕೈಯಲ್ಲೇ ಉಳಿಯಿತು, ಕೀಲಿಗೊಂಚಲಿನ ಸಮೇತ. ಗಲ್ಲಾಪೆಟ್ಟಿಗೆ ತೆಗೆಯಲು ಅವನೇ ವಾಪಸ್ ಇಳಿದು ಬಂದು ಕೈಯೊಡ್ಡಬೇಕಾಯಿತು. ಅವಳು ಕೀಲಿಗಳನ್ನು ಕಳಚಿ ಕೊಟ್ಟಳು. ದಾರವನ್ನೂ ಆಯಸ್ಕಾಂತವನ್ನೂ ಕೊಡಲಿಲ್ಲ.

ಪಟ್ಟಿಯನ್ನು ಹಾಗೇ ಮೇಸ್ತ್ರಿಯ ಕೈಗಿಟ್ಟಳು. "ಅವತ್ತು ಇದೇ ಜಾಗದಾಗೆ ಅಂದಿದ್ದೆ ಕಣಣ್ಣ. ತಪ್ಪಾಯ್ತು."

ಮೇಸ್ತ್ರಿ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ಏಟು ಸರಿಯಾಗಿ ಹಾಕಿದೀರ ಅಮ್ಮಾ," ಎಂದ. ಆಮೇಲೆ ನನ್ನತ್ತ ತಿರುಗಿ, "ಆದ್ರೆ ಕಾಯ್ಸದೆ ಬಡಿದಿದಾರೆ ಮೇಡಂ. ಇವ್ರಿಗೂ ಬೈರಿ," ಎಂದ.